ಐದನೆಯ ದೊಣೆ

ಪುಸ್ತಕದಲ್ಲಿ ಗೀಚುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಂಧ್ರದ ಗಡಿಯ ರಾಯದುರ್ಗದ ಡಿಗ್ರಿ ಕಾಲೇಜೊಂದರಲ್ಲಿ ಲೈಬ್ರರಿಯನ್ ಆಗಿ ಹದಿನೇಳು ವರ್ಷ ಆಯಿತು. ಪೆನ್ಸಿಲ್ಲಿನಲ್ಲಿ ಗೆರೆ ಎಳೆದರೂ ಸರಿ, ಹುಡುಗರಿರಲಿ ಪ್ರಿನ್ಸಿಪಾಲರಿರಲಿ, ಮುಖ ಮೋರೆ ನೋಡದೆ ಬೈದಿದ್ದೇನೆ. ನನ್ನಿಂದ ಒಮ್ಮೆಯೂ ಬೈಸಿಕೊಳ್ಳದವರು ಒಬ್ಬರೇ, ಪ್ರಾಣಿಶಾಸ್ತ್ರದ ಬಸವರಾಜೇಶ್ವರಿ ಮೇಡಂ. ಅವರಿಗೆ ಕೊಟ್ಟ ಪುಸ್ತಕ ಹೇಗೆ ಹೋಯಿತೋ ಹಾಗೇ ವಾಪಸ್ ಬರುತ್ತಿತ್ತು. ಅದಕ್ಕೇ ಇರಬೇಕು, ಅವರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಜಗಳ ಆಡಿದವರ ಜೊತೆಗಾದರೂ ನಾಲ್ಕು ಮಾತು ಬೆಳೆಯುತ್ತದೆ.

ಅವರು ಇದ್ದದ್ದು ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರ ಮೇಲಿನ ಬಾಡಿಗೆ ಮನೆಯಲ್ಲಿ. ಮದುವೆ ಆಗಿರಲಿಲ್ಲ. ಒಬ್ಬ ತಂಗಿ ಬಳ್ಳಾರಿಯಲ್ಲಿ ಇದ್ದಳು, ದೀಪಾವಳಿಗೆ ಹೋಗಿ ಬರುತ್ತಿದ್ದರು. ಮಧ್ಯಾಹ್ನ ನಾವೆಲ್ಲ ಸ್ಟಾಫ್ ರೂಮಿನಲ್ಲಿ ಪಲ್ಯ ಹಂಚಿಕೊಂಡು, ಇಲ್ಲದವರ ಸುದ್ದಿ ಮಾತಾಡಿಕೊಂಡು ಊಟ ಮಾಡಿದರೆ, ಅವರು ಪ್ರಯೋಗಾಲಯದಲ್ಲಿ ಗಾಜಿನ ಬಾಟಲಿಗಳ ನಡುವೆ ಡಬ್ಬಿ ಬಿಚ್ಚುತ್ತಿದ್ದರು. ಪ್ರತಿ ವರ್ಷ ಮುಂಗಾರು ಬಿದ್ದ ಹತ್ತನೇ ದಿನಕ್ಕೆ ಸರಿಯಾಗಿ ಮೂರು ದಿನ ರಜೆ. ಹೆಗಲಿಗೆ ಒಂದು ಚೀಲ. ಅದರಲ್ಲಿ ಹಿಡಿಕೆಯ ಬಲೆ, ಬಿಳಿ ಪಿಂಗಾಣಿ ತಟ್ಟೆ, ಭೂತಗನ್ನಡಿ, ಒಂದು ಉದ್ದನೆಯ ನೋಟ್‌ಬುಕ್. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ "ನೀರು ನೋಡಾಕ" ಎನ್ನುತ್ತಿದ್ದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಹುಳದ ಮೇಡಂ ಎಂದೇ ಕರೆಯುತ್ತಿದ್ದದ್ದು. ನಾನೂ ಕರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅವರು ನಿವೃತ್ತರಾಗುವ ವರ್ಷ, ಜೂನ್ ತಿಂಗಳಲ್ಲಿ, ಲೈಬ್ರರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ಕೈಯಲ್ಲಿ ಪುಸ್ತಕ ಇರಲಿಲ್ಲ.

"ಸುಮಾ, ಎರಡು ದಿನ ರಜಾ ಹಾಕ್ತೀರೇನ್ರಿ? ಮಣಕಾಲು ಭಾಳ ನೋಯ್ತಾವ. ಬೆಟ್ಟ ಹತ್ತಾಕ ಯಾರಾರ ಜತೀಗೆ ಬೇಕು."

ಆ ಹೆಂಗಸು ಅಷ್ಟು ವರ್ಷದಲ್ಲಿ ನನ್ನನ್ನು ಕೇಳಿದ ಮೊದಲ ಉಪಕಾರ ಅದು. ಕುತೂಹಲಕ್ಕೇ ಒಪ್ಪಿಕೊಂಡೆ ಎಂದರೆ ಸರಿ.

ಬಸ್ಸು ಕಲ್ಯಾಣದುರ್ಗ ದಾಟಿದ ಮೇಲೆ ಅವರ ಬಾಯಿ ಬಿಚ್ಚಿತು. ಮೊದಲ ನೌಕರಿ ಮಡಕಶಿರದಲ್ಲಂತೆ. ಹೊಸ ಊರು, ಪರಿಚಯದವರಿಲ್ಲ, ಭಾನುವಾರ ಹೊತ್ತು ಹೋಗದೆ ಒಂದು ದಿನ ಹತ್ತಿರದ ರತ್ನಗಿರಿಯ ಕೋಟೆ ಬೆಟ್ಟ ಹತ್ತಿದರು. ಮಳೆ ಬಂದು ಹೋಗಿತ್ತು. ಬಂಡೆಯ ಗುಂಡಿಗಳಲ್ಲಿ ಮಳೆನೀರು ನಿಲ್ಲುತ್ತದಲ್ಲ, ನಾವು ದೊಣೆ ಎನ್ನುತ್ತೇವಲ್ಲ, ಅಂಥವು ಏಳು ಇದ್ದವು. ಬೇಸಿಗೆಯಲ್ಲಿ ಬಿಸಿಲಿಗೆ ಬಿರಿದು ಮಣ್ಣಾಗಿದ್ದ ಆ ಗುಂಡಿಗಳ ತುಂಬ ಈಗ ಜೀವ. ಗೊದಮೊಟ್ಟೆ, ನೀರುತಿಗಣೆ, ಕಣ್ಣಿಗೆ ಕಾಣದಂಥ ಚುಕ್ಕಿ ಹುಳಗಳು. ಅವುಗಳ ನಡುವೆ ಬೆರಳ ಗೆಣ್ಣಿನಷ್ಟುದ್ದದ, ಗಾಜಿನಂತೆ ತಿಳಿಯಾದ ಒಂದು ಸೀಗಡಿ. ಅದು ಬೆನ್ನು ಕೆಳಗೆ ಮಾಡಿ ಅಂಗಾತ ಈಜುತ್ತದೆ. ಮೊಟ್ಟೆ ಇಟ್ಟು ಸಾಯುತ್ತದೆ, ಮೊಟ್ಟೆ ಒಣಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ, ಮಳೆ ಬಿದ್ದ ಎರಡು ದಿನಕ್ಕೆ ಒಡೆಯುತ್ತದೆ.

"ಒಂದು ದೊಣಿ ಅಂದ್ರ ಒಂದು ಊರು ಇದ್ದಂಗ ರೀ. ಯಾರು ಮೊದಲು ಬರ್ತಾರ, ಯಾರು ಯಾರನ್ನ ತಿಂತಾರ, ಯಾರು ಹೋದ ಮ್ಯಾಲೆ ಯಾರು ಸೇರ್ಕೋತಾರ, ಅದನ್ನ ಎಣಿಸಿ ಬರೆಯೋದು. ಅಷ್ಟೇ ನನ್ನ ಕೆಲಸ."

ವರ್ಗವಾಗಿ ರಾಯದುರ್ಗಕ್ಕೆ ಬಂದರೂ ಎಣಿಕೆ ಬಿಡಲಿಲ್ಲ. ಜಿಲ್ಲೆ ಒಡೆದು ಮಡಕಶಿರ ಬೇರೆ ಜಿಲ್ಲೆಗೆ ಹೋಯಿತು, ಆಗಲೂ ಬಿಡಲಿಲ್ಲ. ಬರದ ವರ್ಷ ಮಿಕ್ಕ ದೊಣೆಗಳಲ್ಲಿ ಸೀಗಡಿ ಅಳಿದುಹೋದರೂ ಐದನೆಯದರಲ್ಲಿ ಮಾತ್ರ ಉಳಿಯುತ್ತದೆ ಎಂದು ಅವರ ನೋಟ್‌ಬುಕ್ ಹೇಳುತ್ತಿತ್ತು. ಅಲ್ಲಿಂದಲೇ ಗಾಳಿಗೋ ಮೇಕೆಗಳ ಕಾಲಿಗೋ ಮೊಟ್ಟೆ ಹತ್ತಿ ಬೇರೆ ದೊಣೆಗಳಿಗೆ ಹೋಗುತ್ತದೆ ಎಂಬುದು ಅವರ ಲೆಕ್ಕಾಚಾರ. ಇದನ್ನು ಬರೆದು ದೊಡ್ಡ ವಿಜ್ಞಾನ ಪತ್ರಿಕೆಗೆ ಕಳಿಸಿದರೆ, ಹದಿನಾಲ್ಕು ವರ್ಷದ ಎಣಿಕೆ ಸಾಲದು ಎಂದು ವಾಪಸ್ ಬಂತು. ಮೇಡಂ ಅಂದೇ ಇಪ್ಪತ್ತೈದು ಎಂದು ತೀರ್ಮಾನಿಸಿಬಿಟ್ಟರು. ಈ ಸಲದ್ದೇ ಇಪ್ಪತ್ತೈದನೆಯದು.

"ಯಾಕ್ರಿ ಮೇಡಂ, ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ?" ಎಂದೆ.

"ಮೊದಲನೇ ವರ್ಷ ಹೇಳಿದ್ದೆ. ಹುಳ ಎಣಿಸಾಕ ಬಸ್ ಹತ್ತಿ ಹೋಗ್ತಾಳ ಅಂತ ಎಲ್ಲಾರೂ ನಕ್ಕರು. ಆಮ್ಯಾಲೆ ನೀರು ನೋಡಾಕ ಅನ್ನೋದೇ ರೂಢಿ ಆತು. ಯಾರೂ ಮುಂದಕ ಕೇಳೋದಿಲ್ಲ ನೋಡ್ರಿ."

ನಾನು ಕಿಟಕಿಯ ಆಚೆ ಶೇಂಗಾ ಹೊಲ ನೋಡಿದೆ.

ರತ್ನಗಿರಿಯಲ್ಲಿ ಬೆಟ್ಟದ ಬುಡಕ್ಕೇ ನರಸಕ್ಕನ ಮನೆ. ಕನಕಾಂಬರ ಬೆಳೆದು ಮಾರುವ, ಅರವತ್ತು ದಾಟಿದ ಹೆಂಗಸು. ಮೇಡಂ ಪ್ರತಿ ಸಲ ಅವಳ ಜಗುಲಿಯಲ್ಲಿ ಕೂತು ಮಜ್ಜಿಗೆ ಕುಡಿದು ಬೆಟ್ಟ ಹತ್ತುವುದು ವಾಡಿಕೆ. ನಮ್ಮನ್ನು ಕಂಡಕೂಡಲೆ ಅವಳ ಮುಖ ಅರಳಿತು.

"ಬನ್ನಿ ಮೇಡಮ್ಮ. ಇದೇ ಕೊನೇ ವರ್ಷ ಅಂದ್ರಲ್ಲ ಫೋನಲ್ಲಿ, ಅದಕ್ಕೇ ಮೇಲೆ ನಿಮಗೊಂದು ಮಾಡಿಟ್ಟಿದೀವಿ. ಏನು ಅಂತ ನಾನು ಬಾಯಿ ಬಿಡಲ್ಲ, ನೀವೇ ನೋಡ್ಬೇಕು."

ಅವಳೂ ನಮ್ಮ ಜೊತೆ ಹತ್ತಿದಳು. ಮೊದಲ ನಾಲ್ಕು ದೊಣೆ ಮುಗಿಸುವಷ್ಟರಲ್ಲಿ ಮೂರು ಗಂಟೆ. ಮೇಡಂ ಐದು ಸಲ ಬಲೆ ಎಳೆಯುವುದು, ತಟ್ಟೆಗೆ ಸುರಿಯುವುದು, ಎಣಿಸಿ ಹೇಳುವುದು, ನಾನು ಬರೆಯುವುದು. ಸಂಖ್ಯೆ ಹೇಳುವಾಗ ಅವರ ದನಿಯಲ್ಲಿ ಇದ್ದ ಸಂತೋಷ ನಾನು ಕಾಲೇಜಿನಲ್ಲಿ ಯಾವತ್ತೂ ಕೇಳಿರಲಿಲ್ಲ.

ಐದನೆಯದು ಕೋಟೆ ಗೋಡೆಯ ನೆರಳಿನಲ್ಲಿ, ಎಲ್ಲಕ್ಕಿಂತ ದೊಡ್ಡದು. ಅದರ ಅಂಚಿಗೆ ಸುತ್ತಲೂ ಸುಣ್ಣ ಬಳಿದಿತ್ತು. ಬಂಡೆಯ ಮೇಲೆ ಅವತ್ತು ಬೆಳಗ್ಗೆ ತಾನೇ ಹಾಕಿದ ರಂಗೋಲಿ, ಅದರ ನಡುವೆ ಒಂದು ಮೊಳ ಕನಕಾಂಬರ. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಕಲ್ಲಿನ ಗೀರು ಕೂಡ ಕಾಣುತ್ತಿತ್ತು.

"ಉಪಾಧಿ ಪನಿಗೆ, ಅದೇ ಉದ್ಯೋಗ ಖಾತ್ರಿ ಕೆಲಸಕ್ಕೆ ಬರೋ ಹೆಂಗಸರು ಹನ್ನೊಂದು ಜನ ಸೇರಿ ಮಾಡಿದ್ವಿ," ಎಂದಳು ನರಸಕ್ಕ. "ಕೂಲಿ ಗೀಲಿ ಏನಿಲ್ಲ, ನಿಮಗೋಸ್ಕರ. ಬೇಸಿಗೇಲಿ ಒಣಗಿತ್ತಲ್ಲ, ಹೂಳೆಲ್ಲ ಕೆರೆದು ಹಾಕಿ, ಬ್ಲೀಚಿಂಗ್ ಪೌಡರ್ ಚೆಲ್ಲಿ, ಪೊರಕೇಲಿ ಉಜ್ಜಿ ಉಜ್ಜಿ ತೊಳೆದ್ವಿ. ಪಾಪ, ಅಷ್ಟು ದೂರದಿಂದ ನೀರು ನೋಡಕ್ಕೆ ಬರ್ತಾರೆ, ಇಷ್ಟು ವರ್ಷ ಕೊಳೆ ನೀರನ್ನೇ ನೋಡ್ಕೊಂಡು ಹೋದ್ರಲ್ಲ ಅಂತ."

ಮೇಡಂ ಚಪ್ಪಲಿ ಬಿಟ್ಟು, ರಂಗೋಲಿ ತುಳಿಯದಂತೆ ಸುತ್ತು ಹಾಕಿ ಹೋಗಿ ಬಲೆ ಇಳಿಸಿದರು. ತಟ್ಟೆಗೆ ಸುರಿದರು. ಬರೀ ನೀರು. ಎರಡನೇ ಸಲ, ಮೂರನೇ ಸಲ. ಐದು ಸಲವೂ ಎಳೆದರು, ಐದು ಸಲವೂ ನನಗೆ "ಸೊನ್ನಿ" ಎಂದು ಹೇಳಿದರು. ಆಮೇಲೆ ಬಂಡೆಯ ಮೇಲೆ ಕೂತುಬಿಟ್ಟರು.

ನನಗೆ ಸಿಟ್ಟು ನೆತ್ತಿಗೇರಿತು. "ಏನ್ ಕೆಲಸ ಮಾಡೀರಿ ನೀವು! ಯಾರು ಹೇಳಿದ್ರು ನಿಮಗ..." ಎಂದು ಶುರು ಮಾಡಿದೆ. ಮೇಡಂ ನನ್ನ ಕೈ ಹಿಡಿದರು.

"ಬ್ಯಾಡ್ರಿ ಸುಮಾ. ಆಕಿ ಏನು ಮಾಡ್ಯಾಳ?"

ನರಸಕ್ಕನ ಮುಖ ಬಿಳಿಚಿಕೊಂಡಿತ್ತು. "ಏನಾರ ತಪ್ಪಾಯ್ತಾ ಮೇಡಮ್ಮ?"

ಆಗ ಮೇಡಂ ಹೇಳಿದರು. ಇಪ್ಪತ್ತೈದು ವರ್ಷ ಅವಳಿಗೆ ಹೇಳದೆ ಇದ್ದದ್ದನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸಿದರು. ನೀರಲ್ಲ, ನೀರಿನೊಳಗಿನ ಹುಳ. ಅದರ ಮೊಟ್ಟೆ ಹೂಳಿನಲ್ಲಿ ಇರುತ್ತದೆ. ಅಂಗಾತ ಈಜುತ್ತದೆ, ಗಾಜಿನ ಥರ ಇರುತ್ತದೆ.

"ಅಂಗಾತ ಈಜೋವಾ!" ನರಸಕ್ಕ ತಲೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ, ಅವು ನಂಗೆ ಗೊತ್ತಿಲ್ವಾ ಮೇಡಮ್ಮ? ಮದುವೆಯಾಗಿ ಬಂದಾಗಿಂದ ನೋಡ್ತಾ ಇದೀನಿ. ಅವು ಕಾಣಿಸ್ಕೊಳ್ಳೋವರ್ಗೂ ದೊಣೆ ನೀರು ಮುಟ್ಟಬೇಡಿ ಅಂತಿದ್ಲು ನಮ್ಮತ್ತೆ. ನಮ್ಮ ಚಂದ್ರಕಲಾ ಹುಟ್ಟಿದ ವರ್ಷ ಇದೇ ದೊಣೇಲಿ ಒಂದೂ ಬರ್ಲಿಲ್ಲ. ಮಾರನೇ ವರ್ಷ ಮೇಲಿನ ಚಿಕ್ಕ ದೊಣೇಲಿ ಕಂಡ್ವು, ಆಮೇಲೆ ಇಲ್ಲಿಗೆ ಬಂದ್ವು."

ಮೇಡಂ ತಲೆ ಎತ್ತಿದರು. ನರಸಕ್ಕನ ಮಗಳು ಚಂದ್ರಕಲಾಗೆ ಈಗ ನಲವತ್ತು. ಮೇಡಂ ಮೊದಲ ನೋಟ್‌ಬುಕ್ ಕೊಳ್ಳುವ ಸುಮಾರು ಹದಿನೈದು ವರ್ಷ ಮುಂಚಿನ ಮಾತು ಅದು. ಐದನೆಯದು ಯಾವತ್ತೂ ಬರಿದಾಗುವುದಿಲ್ಲ ಎಂದುಕೊಂಡಿದ್ದರು; ಬರಿದಾಗಿ ಮತ್ತೆ ತುಂಬಿದ್ದನ್ನು ಕಂಡವಳು ಪ್ರತಿ ವರ್ಷ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದಳು.

"ಒಬ್ರೇ ಬರ್ತಿದ್ರಿ, ಒಬ್ರೇ ಹೋಗ್ತಿದ್ರಿ," ಎಂದಳು ನರಸಕ್ಕ. "ಒಂದು ಮಾತು ಹೇಳಿದ್ರೆ ನಾನೇ ಕಾವಲು ಇರ್ತಿದ್ನಲ್ಲ ಮೇಡಮ್ಮ."

ಬಸವರಾಜೇಶ್ವರಿ ಮೇಡಂ ಅಲ್ಲೇ ಅತ್ತರು. ಸೆರಗು ಬಾಯಿಗಿಟ್ಟುಕೊಳ್ಳಲಿಲ್ಲ, ಮುಖ ತಿರುಗಿಸಲಿಲ್ಲ. ಎಣಿಕೆ ತಪ್ಪಿದ್ದಕ್ಕೆ ಎಂದು ಮೊದಲು ನಾನು ತಿಳಿದೆ. ಅದಕ್ಕಲ್ಲ.

ಕೆರೆದ ಹೂಳನ್ನು ನರಸಕ್ಕ ತನ್ನ ಕನಕಾಂಬರಕ್ಕೆ ಹಾಕಿದ್ದಳು. ಎರಡು ಚೀಲ ಮಾತ್ರ ಸೂರಿನ ಕೆಳಗೆ ಒಣಗಿಕೊಂಡು ಹಾಗೇ ಇದ್ದವು. ಮರುದಿನ ಬೆಳಗ್ಗೆ ಆ ಹನ್ನೊಂದು ಹೆಂಗಸರೂ ಬಂದರು. ಬುಟ್ಟಿ ತುಂಬಿ ತಲೆಯ ಮೇಲೆ ಹೊತ್ತು ಬೆಟ್ಟ ಹತ್ತಿ, ಮಣ್ಣನ್ನು ದೊಣೆಗೆ ಸುರಿದರು. ನಾನೂ ಒಂದು ಬುಟ್ಟಿ ಹೊತ್ತೆ. ಅರ್ಧ ದಾರಿಗೇ ಕತ್ತು ಬಿದ್ದುಹೋಯಿತು.

"ಹುಳ ಬಂದ್ರೆ ಎಣಿಕೆ ಸರಿ ಹೋಗ್ತದಲ್ಲ?" ಎಂದು ನರಸಕ್ಕ ಆಸೆಯಿಂದ ಕೇಳಿದಳು.

"ಬರಬಹುದು ನರಸಕ್ಕ. ಎಣಿಕಿಗೆ ಸೇರೋದಿಲ್ಲ. ಅದು ನಾವು ಹಾಕಿದ ಮಣ್ಣು," ಎಂದರು ಮೇಡಂ.

ಎರಡು ವಾರಕ್ಕೆ ನರಸಕ್ಕ ಫೋನ್ ಮಾಡಿ "ಬಂದವೆ, ಅಂಗಾತ ಈಜ್ತಾವೆ" ಎಂದಳಂತೆ. ಮೇಡಂ ನನಗೆ ಅದನ್ನು ಹೇಳಿ ನಕ್ಕರು. ನೋಟ್‌ಬುಕ್‌ನಲ್ಲಿ ಬರೆಯಲಿಲ್ಲ. ಪತ್ರಿಕೆಗೂ ಕಳಿಸಲಿಲ್ಲ. ಜುಲೈ ಕೊನೆಗೆ ಹಾರ, ಶಾಲು, ಎರಡು ಭಾಷಣ ಆದವು. ಭಾಷಣ ಮಾಡಿದ ಇಬ್ಬರೂ ಅವರು ಏನು ಓದಿದ್ದಾರೆಂದು ಹೇಳಿದರು, ಏನು ಮಾಡಿದರೆಂದು ಹೇಳಲಿಲ್ಲ.

ಹೋಗುವ ಮೊದಲು ಇಪ್ಪತ್ತೈದು ನೋಟ್‌ಬುಕ್‌ಗಳನ್ನು ಲೈಬ್ರರಿಗೆ ಕೊಟ್ಟರು. ನಂಬರ್ ಹಾಕುವಾಗ ಒಂದೊಂದನ್ನೂ ತಿರುವಿದೆ. ಪ್ರತಿ ಪುಟದ ಬಲಗಡೆ ಷರಾ ಎಂಬ ಕಾಲಂ. ಅದರಲ್ಲಿ ಇಪ್ಪತ್ನಾಲ್ಕು ವರ್ಷವೂ 'ಮಳೆ ತಡ', 'ಗಾಳಿ ಜಾಸ್ತಿ' ಎಂಬಂಥ ಎರಡೆರಡು ಶಬ್ದ. ಕೊನೆಯ ನೋಟ್‌ಬುಕ್‌ನಲ್ಲಿ ಐದನೆಯ ದೊಣೆಯ ಸಾಲಿಗೆ ಐದು ಸೊನ್ನೆ ನನ್ನ ಅಕ್ಷರದಲ್ಲೇ ಇದ್ದವು. ಪಕ್ಕದ ಷರಾ ಮಾತ್ರ ಅವರದು: 'ದೊಣೆ ತೊಳೆದಿದ್ದಾರೆ. ತೊಳೆದವರ ತಪ್ಪಲ್ಲ. ನಾನು ಹೇಳಿರಲಿಲ್ಲ.'

ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು, ಅದರ ಕೆಳಗೆ ಬರೆದೆ: 'ನಾನೂ ಕೇಳಿರಲಿಲ್ಲ.'