ದೇವರ ಪೆಟ್ಟಿಗೆಯ ಬೀಗ

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಚಿತ್ರದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ಬೀಗ ರಿಪೇರಿ ಮಾಡಿ ಬದುಕುವವನಿಗೆ ಇದಕ್ಕಿಂತ ಕೆಟ್ಟ ಗುಣ ಬೇಕಾ? "ಕಾಲಿಗೆ ಚಕ್ರ ಕಟ್ಕಂಡು ಹುಟ್ಟಿದೋರು ಬಸ್ಸು ಓಡಿಸ್ಬೇಕಿತ್ತು" ಅಂತ ಹೆಂಡತಿ ದಿನಾ ಚುಚ್ಚುತ್ತಾಳೆ. ಕೆಲಸ ಮಾತ್ರ ಬರುತ್ತದೆ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಈಗಿನ ಸಣ್ಣ ಬೀಗಗಳಿಗೆ ಹ್ಯಾಕ್ಸಾ ಬ್ಲೇಡು ಉಜ್ಜಿ ಮಾಡಿದ ತೆಳು ಕೊಕ್ಕೆ ಸಾಕು. ಒಳಗೆ ಪಟ್ಟಿಗಳಿರುವ ಹಳೇ ಹಿತ್ತಾಳೆ ಬೀಗಕ್ಕೆ ಆ ಕೊಕ್ಕೆ ಬಳುಕಿ ಮುರಿಯುತ್ತದೆ, ಅದಕ್ಕೆ ಸೈಕಲ್ ಕಡ್ಡಿಯನ್ನೇ ಬಗ್ಗಿಸಬೇಕು. ಟ್ರಂಕಿನ ಬೀಗವಾದರೆ ಹಲ್ಲು ಸವೆಸಿದ ಹಳೇ ಕೀಲಿ ಒಂದೇ ಸಾಕು. ಇವನ್ನೆಲ್ಲ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತೇನೆ.

ಅವತ್ತು ಬೆಳಿಗ್ಗೆ ಹಿರಿಯೂರಿನ ಕಡೆಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಮಾರಿಕಣಿವೆ ಡ್ಯಾಮಿನ ಹತ್ತಿರ ಕುರಿ ಕಾಯುವವರ ಹಟ್ಟಿ ಅವರದು. ಅವಳ ಮಾವ ಅಲ್ಲಿನ ಪೂಜಾರಿ. ಹಿಂದಿನ ದಿನ ಹಿನ್ನೀರಿನಲ್ಲಿ ಮುಳುಗಿ ಏಳುವಾಗ ಉಡುದಾರಕ್ಕೆ ಕಟ್ಟಿದ್ದ ಕೀಲಿ ನೀರುಪಾಲಾಗಿದೆ. ದೇವರು ಪೆಟ್ಟಿಗೆಯೊಳಗೆ, ಪೂಜಾರಿ ಉಪವಾಸ. ದೇವರ ಮುಖ ನೋಡುವ ತನಕ ಹನಿ ನೀರೂ ಮುಟ್ಟುವುದಿಲ್ಲ ಅಂತ ಹಟ. ಸಕ್ಕರೆ ಕಾಯಿಲೆ ಬೇರೆ. "ಬೇಗ ಬರ್ರಿ ಅಣ್ಣ, ನಮ್ಮ ಮಾವ ನಡುಗ್ತಾ ಅವ್ರೆ" ಅಂತ ಅತ್ತಳು.

"ಬೀಗ ಎಂಥದಮ್ಮಾ?"

"ಸಣ್ಣದು. ಮುಷ್ಟಿಯಾಗೆ ಮುಚ್ಚೋವಷ್ಟು ಐತೆ."

ಸಣ್ಣದು ಅಂದ ಕೂಡಲೇ ಹೊಸದು ಅಂದುಕೊಂಡೆ. ತೆಳು ಕೊಕ್ಕೆಗಳ ಗಂಟು ಜೇಬಿಗೆ ಹಾಕಿದೆ, ಬೈಕ್ ಹತ್ತಿದೆ. "ಎಲ್ಲಾನೂ ತಗಂಡು ಹೋಗ್ರಿ" ಅಂತ ಹೆಂಡತಿ ಕೂಗಿದ್ದು ಕೇಳಿಸಿತ್ತು. ತಿಂಡಿಗೂ ನಿಲ್ಲಲಿಲ್ಲ.

ಹಟ್ಟಿ ಮುಟ್ಟಿದಾಗ ಪೂಜಾರಿ ಅಜ್ಜ ಪೂಜೆಗೆಂದು ಮತ್ತೆ ಮಿಂದು, ಒದ್ದೆ ಪಂಚೆಯಲ್ಲೇ ಗೋಡೆಗೆ ಒರಗಿ ಕೂತಿದ್ದ. ಎರಡೂ ಕಣ್ಣಿಗೆ ಪೊರೆ, ಹಣೆ ತುಂಬಾ ಬೆವರು. ಸೊಸೆ ಬೆಲ್ಲದ ನೀರಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಪೆಟ್ಟಿಗೆಯ ಮೇಲೆ ನೇತಾಡುತ್ತಿದ್ದದ್ದು ಸಣ್ಣ ಬೀಗವೇ, ಆದರೆ ತಾತನ ಕಾಲದ ಹಿತ್ತಾಳೆಯದು. ಅಯ್ಯೋ ನನ್ನ ಹಣೆಬರಹವೇ ಅನ್ನುತ್ತಾ ಕೈ ಚಾಚಿದೆ.

"ಮುಟ್ಟಬ್ಯಾಡ ಕಣಲೇ!" ನನ್ನ ದನಿ ಬಂದ ಕಡೆಗೆ ಅಜ್ಜ ಗದರಿದ.

ಪೂಜಾರಿ ಬಿಟ್ಟು ಬೇರೆ ಯಾರೂ ಪೆಟ್ಟಿಗೆ ಮುಟ್ಟುವಂತಿಲ್ಲವಂತೆ, ಅದರ ಬೀಗವನ್ನೂ ಮುಟ್ಟುವಂತಿಲ್ಲ. ಒಡೆದು ತೆಗೆದರೆ ಆ ಪೆಟ್ಟಿಗೆಗೆ ದೇವರು ತಿರುಗಿ ಬರುವುದಿಲ್ಲವಂತೆ. ಮತ್ತೆ ನನ್ನನ್ನು ಯಾಕ್ರಪ್ಪಾ ಕರೆಸಿದಿರಿ ಅಂತ ರೇಗಿತು. ಮುದುಕ ಬಿದ್ದೇ ಹೋದರೆ ಅನ್ನುವ ಭಯ ಅದಕ್ಕಿಂತ ಜೋರಾಗಿತ್ತು.

ಬೇಲಿಗೆ ಒರಗಿಸಿದ್ದ ಯಾರದೋ ಸೈಕಲ್ಲಿನ ಕಡ್ಡಿಯೊಂದನ್ನು ಕೇಳದೆ ಕಿತ್ತೆ. ಎರಡು ತುಂಡು ಮಾಡಿ, ಬಗ್ಗಿಸಿ, ಕಲ್ಲಿಗೆ ಉಜ್ಜಿದೆ. ನೀರಲ್ಲಿ ತೊಳೆಸಿ ಅಜ್ಜನ ಕೈಗೆ ಕೊಡಿಸಿ, ಮೂರು ಮಾರು ದೂರ ನಿಂತು ಹೇಳಿಕೊಟ್ಟೆ. ಒಂದು ತುಂಡು ಬೀಗವನ್ನು ತಿರುಗಿಸಿ ಹಿಡಿಯಲು, ಇನ್ನೊಂದು ಒಳಗಿನ ಪಟ್ಟಿಗಳನ್ನು ಒಂದೊಂದೇ ಎತ್ತಲು. ಅಜ್ಜ ಬಲ ಹಾಕಿ ತಿರುಚಿದ. ಕಡ್ಡಿ ಜಾರಿತು. ಮತ್ತೆ ತಿರುಚಿದ. ನಾನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡಾಡುತ್ತಾ "ಮೆಲ್ಲಗೆ, ಮೆಲ್ಲಗೆ" ಅಂತ ಅರಚಿದೆ. ಅವನ ತಲೆ ಎರಡು ಸಲ ಎದೆಗೆ ವಾಲಿತು.

ಹೊರಗೆ ಒಂದು ಮರಿ ಅರಚಿಕೊಂಡಾಗ ಹೊಳೆಯಿತು. "ಅಜ್ಜಾ, ಹೊಟ್ಟೆಯಾಗೆ ಮರಿ ಅಡ್ಡ ಬಿದ್ರೆ ಏನ್ ಮಾಡ್ತೀಯಾ? ಹಿಡಿದು ಎಳೀತೀಯಾ?"

"ಎಳದ್ರೆ ತಾಯಿ ಮರಿ ಎರಡೂ ಸಾಯ್ತವೆ. ಕಾಲು ಎಲ್ಲೈತೆ ಅಂತ ಬೆರಳಾಗೆ ನೋಡ್ಕಂಡು, ಒಂದೊಂದೇ ಸರಿಸ್ಬೇಕು."

"ಇದೂ ಹಂಗೇ!"

"ಅದನ್ನ ಮೊದ್ಲೇ ಹೇಳಾಕೇನಾಗಿತ್ತು ನಿಂಗೆ?" ಅಂತ ಬೈದ. ಆಮೇಲೆ ಕುರುಡುಗಣ್ಣು ನನ್ನ ಕಡೆ ತಿರುಗಿಸಿದ. "ನೀನು ಕುಂತ್ಕ. ನೀನು ಕುಣುದ್ರೆ ನನ್ನ ಕೈನೂ ಕುಣಿತೈತೆ."

ಕೂತೆ. ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡೆ. ಕೂತಿರುವುದು ಇಷ್ಟು ಕಷ್ಟ ಅಂತ ಆವತ್ತೇ ಗೊತ್ತಾಗಿದ್ದು. ಅಜ್ಜನ ಬೆರಳು ಒಳಗೆ ಏನನ್ನೋ ಹುಡುಕುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹುಡುಕುತ್ತಿತ್ತು. ಟಕ್ ಅಂತು. ಬೀಗ ಬಾಯಿ ಬಿಟ್ಟಿತು.

ಅಜ್ಜ ದೇವರ ಮುಖವನ್ನು ಕೈಯಿಂದ ಸವರಿ ನೋಡಿದ, ಅಡ್ಡಬಿದ್ದ. ಸೊಸೆ ಎತ್ತಿ ಕೂರಿಸಿ ಲೋಟವನ್ನು ತುಟಿಗೆ ತಂದಳು. ಅಜ್ಜ ಅದನ್ನು ತಡೆದ.

"ಆ ಬೀಗದೋನು ಹೊತ್ತಾರೆಯಿಂದ ಏನಾರ ತಿಂದವ್ನೇನವ್ವಾ?"

ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. "ಮೊದ್ಲು ನೀನು ಕುಡಿಯೋ ಮಾರಾಯಾ!" ಅಂತ ಕಿರುಚಿದೆ.

ಅಜ್ಜ ಕುಡಿದ. ಲೋಟ ಖಾಲಿಯಾಗುವ ತನಕ ನಾನು ಕೂತಲ್ಲಿಂದ ಅಲ್ಲಾಡಲಿಲ್ಲ.