ನಾಲ್ಕು ಮೇಜಿನ ಸರ್ವಮಂಗಳಮ್ಮ

ಸರ್ವಮಂಗಳಮ್ಮ ಹರಿಹರದ ಹತ್ತಿರದ ಕೊಂಡಜ್ಜಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಟೀಚರ್ ಆಗಿದ್ದರು. ಒಂದೇ ಕೋಣೆ, ನಾಲ್ಕು ತರಗತಿ. ಒಂದಕ್ಕೆ ಮಗ್ಗಿ ಕೊಟ್ಟು, ಇನ್ನೊಂದಕ್ಕೆ ಉಕ್ತಲೇಖನ ಹೇಳಿ, ಉಳಿದೆರಡರ ಮೇಲೆ ಕಣ್ಣಿಟ್ಟಿರಬೇಕು. 1998ರಲ್ಲಿ ನಿವೃತ್ತರಾಗಿ ದಾವಣಗೆರೆಯ ವಿದ್ಯಾನಗರದಲ್ಲಿದ್ದ ಮಗ ವೀರೇಶನ ಮನೆಗೆ ಬಂದರು.

ವೀರೇಶ ಮನೆಯ ಮುಂದಿನ ಕೋಣೆಯಲ್ಲೇ ಲಗ್ನಪತ್ರಿಕೆ, ಕರಪತ್ರ ಟೈಪ್ ಮಾಡಿಕೊಡುತ್ತಿದ್ದ. ಅದಕ್ಕೆಂದು ಒಂದು ಹಳೆಯ ಮ್ಯಾಕ್ ಕಂಪ್ಯೂಟರ್ ತಂದಿದ್ದ. ಮರುವರ್ಷ ಇಂಟರ್ನೆಟ್ ಬಂತು. ಪರದೇಶದವರ ಜೊತೆ ಪೋಕರ್ ಎಂಬ ಇಸ್ಪೀಟಾಟ ಆಡುವ ಜಾಗವೊಂದನ್ನು ಅದರಲ್ಲಿ ಅವನೇ ಹುಡುಕಿದ. ಚಿತ್ರವಿಲ್ಲ, ಬರೀ ಅಕ್ಷರ. ಯಾರಿಗೂ ದುಡ್ಡು ಬರುವುದಿಲ್ಲ, ಹೋಗುವುದಿಲ್ಲ. ಸೋಲು ಗೆಲುವು ಪರದೆಯ ಮೇಲಷ್ಟೇ. ಒಂದು ದಿನ ಆಟದ ನಡುವೆ ಗಿರಾಕಿ ಬಂದಾಗ, "ಅವ್ವಾ, ಸ್ವಲ್ಪ ನೋಡ್ಕಂತಿರು" ಎಂದು ಎದ್ದು ಹೋದ.

ಎಕ್ಕ, ರಾಜ, ರಾಣಿ, ಗುಲಾಮ ಸರ್ವಮಂಗಳಮ್ಮನಿಗೆ ಮೊದಲೇ ಗೊತ್ತು. ಗಂಡ ಇದ್ದಾಗ ದೀಪಾವಳಿಗೆ ಆಡುತ್ತಿದ್ದರು. ಒಂದು ವಾರದಲ್ಲಿ ಪೋಕರ್ ಕಲಿತರು. ಅಲ್ಲಿ ಒಂದೊಂದು ಆಟಕ್ಕೂ ಮೇಜು ಎಂದು ಹೆಸರು. ಒಂದು ಮೇಜಿನಲ್ಲಿ ತಮ್ಮ ಸರದಿ ಬರುವವರೆಗೆ ಸುಮ್ಮನೆ ಕೂರುವುದು ಅವರಿಗೆ ಆಗಲಿಲ್ಲ. ಎರಡನೆಯದು ತೆರೆದರು, ಆಮೇಲೆ ಮೂರನೆಯದು. ಕೊನೆಗೆ ಪರದೆಯ ನಾಲ್ಕು ಮೂಲೆಗೆ ನಾಲ್ಕು ಮೇಜು. ಅಮೆರಿಕದವರಿಗೆ ಸಂಜೆಯಾಗುವುದು ಇಲ್ಲಿಯ ಬೆಳಗ್ಗೆ. ಆರು ಗಂಟೆಗೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಕೂತರೆ ಎಂಟಕ್ಕೆ ಏಳುತ್ತಿದ್ದರು.

ಇಂಟರ್ನೆಟ್ ಫೋನಿನ ತಂತಿಯಲ್ಲೇ ಬರುತ್ತಿತ್ತು. ಅದು ಓಡುತ್ತಿರುವಷ್ಟು ಹೊತ್ತು ಮನೆಗೆ ಯಾರ ಫೋನೂ ಬರುವಂತಿರಲಿಲ್ಲ.

ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಮಸ್ತಾನಸಾಬ್ ಬಾಗಿಲಲ್ಲಿ ನಿಂತರು. ಹರಿಹರದಲ್ಲಿ ಸರ್ವಮಂಗಳಮ್ಮನ ಅಕ್ಕ ಹಾಲಮ್ಮನ ಪಕ್ಕದ ಮನೆಯವರು.

"ಒಂದ್ನಿಮಿಷ ಕೂಡ್ರಿ," ಎಂದರು ಸರ್ವಮಂಗಳಮ್ಮ, ತಿರುಗದೆ. ಒಂದು ಮೇಜಿನಲ್ಲಿ ಎರಡು ರಾಣಿ ಬಂದಿದ್ದವು.

"ಕೂಡ್ರಾಕೆ ಬಂದಿಲ್ರಿ ಟೀಚರ್. ಆರೂವರೆಯಿಂದ ಫೋನ್ ಹಚ್ತಾ ಇದೀನಿ, ಬರೀ ಎಂಗೇಜ್! ನಿಮ್ಮಕ್ಕಾರು ಬಚ್ಚಲದಾಗೆ ಬಿದ್ದಾರೆ. ಸೊಂಟ ಎತ್ತಾಕಾಗವಲ್ದು. ತಂಗಿ ಬರೋಗಂಟ ನನ್ನ ಮುಟ್ಟಬ್ಯಾಡ್ರಿ ಅಂತಾರೆ."

ಸರ್ವಮಂಗಳಮ್ಮ ಫೋನಿನ ತಂತಿ ಕಿತ್ತರು. ನಾಲ್ಕು ಮೇಜೂ ಒಮ್ಮೆಲೇ ನಿಂತವು.

ತಂಗಿ ಹರಿಹರ ಮುಟ್ಟುವ ಹೊತ್ತಿಗೆ ಹಾಲಮ್ಮ ಎರಡು ತಾಸಿಗೂ ಹೆಚ್ಚು ಹಸಿ ನೆಲದ ಮೇಲೆ ಬಿದ್ದಿದ್ದರು. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ ಮೇಲೆ ವೀರೇಶ ತಾಯಿಯನ್ನು ಪಕ್ಕಕ್ಕೆ ಕರೆದು, "ನನ್ನ ಟೈಪಿಂಗ್ ಕೆಲಸಕ್ಕೆ ಫೋನ್ ಲೈನ್ ಬೇಕಿತ್ತು ಅಂತ ದೊಡ್ಡವ್ವಗೆ ನಾನೇ ಹೇಳ್ತೀನಿ ಬಿಡವ್ವಾ," ಎಂದ.

ಸಂಜೆ ಹಾಲಮ್ಮನೇ ಕೇಳಿದರು: "ಮಂಗಳಾ, ಅಷ್ಟೊತ್ತು ಯಾರ ಜೊತೆ ಮಾತಾಡ್ತಿದ್ದೆ?"

"ಮಾತಲ್ಲಕ್ಕ. ಇಸ್ಪೀಟ್ ಆಡ್ತಿದ್ದೆ."

ಹಾಲಮ್ಮ ಗೋಡೆಯ ಕಡೆ ಮುಖ ತಿರುಗಿಸಿದರು. ಮೂರು ದಿನ ತಂಗಿಯ ಕೈಯಿಂದ ಗಂಜಿ ಕುಡಿದರು, ಮಾತಾಡಲಿಲ್ಲ. ನಾಲ್ಕನೆಯ ದಿನ ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಮೊದಲು ಆಡಿದ ಮಾತು, "ಅವತ್ತು ನೀನು ಸುಳ್ಳು ಹೇಳಿದ್ದಿದ್ರೆ ನಿನ್ನ ಮುಖ ನೋಡ್ತಿರ್ಲಿಲ್ಲ."

ಸರ್ವಮಂಗಳಮ್ಮ ಅಳಲಿಲ್ಲ. ಆಸ್ಪತ್ರೆಯ ನಲ್ಲಿಯಲ್ಲಿ ಲೋಟ ತೊಳೆದುಕೊಂಡು ಬಂದರು.

ಹಾಲಮ್ಮ ನಾಲ್ಕು ತಿಂಗಳು ವಿದ್ಯಾನಗರದಲ್ಲೇ ಇದ್ದು, ಕೋಲು ಹಿಡಿದು ಓಡಾಡುವಂತಾದ ಮೇಲೆ ಹರಿಹರಕ್ಕೆ ಮರಳಿದರು. ಅಷ್ಟು ದಿನವೂ ಸರ್ವಮಂಗಳಮ್ಮ ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಆಮೇಲೆ ಮತ್ತೆ ಕೂತರು, ಆದರೆ ಆರು ಗಂಟೆಗೆ, ಆಟಕ್ಕಿಂತ ಮೊದಲು, ಅಕ್ಕನಿಗೆ ಫೋನ್. ಹಾಲಮ್ಮನಿಗೆ ಹೇಳಲು ಬೇಕಾದಷ್ಟಿರುತ್ತಿತ್ತು. ಕೆಲವು ದಿನ ಮಾತು ಎಂಟಾದರೂ ಮುಗಿಯುತ್ತಿರಲಿಲ್ಲ. ಅಂಥ ದಿನ ಆಟವಿಲ್ಲ.