ಕಾಫಿಪುಡಿ ಗೊಂಬೆಯ ಬೊಟ್ಟು

ಎಂಬತ್ತರ ದಶಕದಲ್ಲಿ ಕೆಲವು ವರ್ಷ ನಾನು ತುಮಕೂರಿನ ಕುಣಿಗಲ್ ರಸ್ತೆಯ ಒಂದು ಶೀಟಿನ ಶೆಡ್ಡಿನಲ್ಲಿ ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದೆ. ಅಂಗಡಿಯಲ್ಲಿ ಮಾರುವ ಗೊಂಬೆಗಳಲ್ಲ. ಟೀಪುಡಿ, ಸೋಪು, ಬಿಸ್ಕತ್ತಿನ ಜೊತೆ ಪುಕ್ಕಟೆ ಕೊಡುವ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಗೊಂಬೆಗಳು. ಪುಕ್ಕಟೆ ಅಂದರೆ ಜನ ಬೇಡದ್ದನ್ನೂ ಕೊಳ್ಳುತ್ತಾರೆ ಅನ್ನುವುದನ್ನು ನಾನು ಕಲಿತದ್ದು ಅಲ್ಲೇ. ಗಂಡಸರು ಕೈಮೆಷಿನ್ನಿನ ಹಿಡಿ ಎಳೆದು ಅಚ್ಚು ಹಾಕುತ್ತಿದ್ದರು. ನಾವು ಹೆಂಗಸರು ಚಾಪೆ ಮೇಲೆ ಸಾಲಾಗಿ ಕೂತು, ಒಬ್ಬಳು ಕೂದಲು, ಒಬ್ಬಳು ಸೀರೆ, ಒಬ್ಬಳು ಕಣ್ಣು ಅಂತ ಬಳಿದು ಮುಂದಕ್ಕೆ ತಳ್ಳುತ್ತಿದ್ದೆವು.

ಒಂದು ಸಲ ಬೆಂಗಳೂರಿನ ಕಾಫಿಪುಡಿ ಕಂಪನಿಯಿಂದ ದೊಡ್ಡ ಆರ್ಡರ್ ಬಂತು. ಅವರ ಪ್ಯಾಕೆಟ್ಟಿನ ಮೇಲಿದ್ದ, ಲೋಟ ಹಿಡಿದ ಹೆಂಗಸೇ ಗೊಂಬೆ. ಸ್ಯಾಂಪಲ್ಲಿನಲ್ಲಿ ಅವಳಿಗೆ ಮುಡಿತುಂಬ ಹೂವು, ಕೈತುಂಬ ಬಳೆ. ಹಣೆ ಮಾತ್ರ ಬರಿದು. ಹೂ ಮುಡಿದವಳಿಗೆ ಬೊಟ್ಟಿಲ್ಲ ಅಂದರೇನು? ಬಣ್ಣ ಉಜ್ಜಿ ಹೋಗಿರಬೇಕು ಅಂದುಕೊಂಡೆವು, ಯಾರನ್ನೂ ಕೇಳಲಿಲ್ಲ. ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದ ಮುತ್ತೈದೆಯರಿಬ್ಬರು ಬೆಂಕಿಕಡ್ಡಿಯ ತುದಿಯಿಂದ ಎಲ್ಲ ಗೊಂಬೆಗೂ ಕೆಂಪು ಬೊಟ್ಟಿಟ್ಟರು. ಸೀರೆಯ ಅಂಚು ಬಳಿಯುತ್ತಿದ್ದವಳು ಅಮೃತೂರಿನ ಅಕ್ಕ, ಗಂಡ ತೀರಿಕೊಂಡ ಮೇಲೆ ತುಮಕೂರಿನ ಅಣ್ಣನ ಮನೆ ಸೇರಿದ್ದವಳು. ಬೊಟ್ಟಿನ ಬಣ್ಣದ ಬಟ್ಟಲನ್ನು ಅವಳು ಮುಟ್ಟುತ್ತಿರಲಿಲ್ಲ. ಮುಟ್ಟಬೇಡ ಅಂತ ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಶನಿವಾರ ಕಂಪನಿಯವನೊಬ್ಬ ಮಾಲು ನೋಡಲು ಬಂದ. ಪ್ಯಾಕೆಟ್ಟಿನ ಚಿತ್ರದಲ್ಲಿ ಬೊಟ್ಟಿಲ್ಲ, ಎಲ್ಲ ಜಾತಿ-ಮತದವರ ಮನೆಗೂ ಹೋಗುವ ಪುಡಿ ಇದು, ಸೋಮವಾರದೊಳಗೆ ಅಳಿಸಿ ಕೊಟ್ಟರೆ ಸರಿ, ಇಲ್ಲದಿದ್ದರೆ ಮಾಲು ಬೇಡ ಅಂದು ಹೋದ. ಹಾಗಾದರೆ ಶೆಡ್ಡಿಗೆ ಬೀಗವೇ ಅಂತ ಮಾಲೀಕರು ತಲೆ ಮೇಲೆ ಕೈಹೊತ್ತು ಕೂತರು. ಬೀಗ ಬಿದ್ದರೆ ನಮ್ಮೆಲ್ಲರ ಕೆಲಸ ಹೋದ ಹಾಗೆ. ಅಮೃತೂರಿನ ಅಕ್ಕ ಅಣ್ಣನ ಮನೆಯಲ್ಲಿ ತಲೆ ಎತ್ತಿ ಉಣ್ಣುತ್ತಿದ್ದದ್ದೇ ಆ ಕೆಲಸದ ದೆಸೆಯಿಂದ.

ತಿನ್ನರ್ ಹಾಕಿದರೆ ಪ್ಲಾಸ್ಟಿಕ್ಕೇ ಕರಗುತ್ತದೆ. ಮಾಲೀಕರು ಸೀಮೆಎಣ್ಣೆ ತರಿಸಿ, ಹಳೇ ಪಂಚೆ ಹರಿದು ನಮ್ಮ ಮುಂದಿಟ್ಟರು. ಒಬ್ಬಳೂ ಕೈ ಹಾಕಲಿಲ್ಲ. ಮುತ್ತೈದೆಯ ಕೈ ಇನ್ನೊಬ್ಬಳ ಹಣೆ ಅಳಿಸುವುದುಂಟೇ? ಗೊಂಬೆಯಾದರೇನು, ಹೆಣ್ಣಲ್ಲವೇ? ಗಂಡಸರು ಅಳಿಸಬಹುದಿತ್ತು. ಅವರು ಬೀಡಿ ಸೇದಿ ಬರ್ತೀವಿ ಅಂತ ಹೊರಗೆ ಹೋದರು. ಇಂಥ ಹೊತ್ತಿನಲ್ಲೇ ಗಂಡಸರಿಗೆ ಬೀಡಿ ನೆನಪಾಗುವುದು.

ಅಮೃತೂರಿನ ಅಕ್ಕ ಎದ್ದು ಬಂದು ಬಟ್ಟೆ ತೆಗೆದುಕೊಂಡಳು. ಗೊಂಬೆಯನ್ನು ಅಂಗೈಯಲ್ಲಿ ಮಲಗಿಸಿ ಹಣೆ ಒರೆಸಿದಳು, ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡಳು. ನನಗೆ ನೋಡಲಾಗಲಿಲ್ಲ. ಸಿಟ್ಟೂ ಬಂತು, ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ. ನಾನೂ ಒಂದು ಬಟ್ಟೆ ಹಿಡಿದು ಅವಳ ಪಕ್ಕ ಕೂತೆ. ಅವಳು ಅದನ್ನು ಕಿತ್ತುಕೊಂಡಳು.

"ನಿಂಗಿನ್ನೂ ಮದ್ವೆ ಆಗ್ಬೇಕು ಕಣೇ. ಆ ಕಡೆ ಹೋಗಿ ಕೂತ್ಕೋ."

ನಾನು ಹೋಗಿ ಕೂತೆ. ಭಾನುವಾರವೂ ಬಂದು ಅವಳೊಬ್ಬಳೇ ಅಳಿಸಿದಳು. ನಾವು ಗೊಂಬೆಗಳನ್ನು ಎತ್ತಿಕೊಡುತ್ತಿದ್ದೆವು, ಅದೂ ಮುಖ ಆ ಕಡೆ ತಿರುಗಿಸಿಕೊಂಡು. ಗುಬ್ಬಿಯವಳೊಬ್ಬಳು, ಎಷ್ಟು ಲಕ್ಷಣವಾಗಿದ್ದಳು ಪಾಪ, ಅಂತ ಗೊಂಬೆಗಾಗಿ ಕಣ್ಣೊರೆಸಿಕೊಂಡಳು. ಅಕ್ಕ ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ನಂದು ಅಳ್ಸೋ ದಿನ ಮನೆ ತುಂಬ ಹೆಂಗಸ್ರಿದ್ರು," ಅಂದಳು. "ಒಬ್ರೂ ಹಿಂಗೆ ಹಿಂದೆ ಮುಂದೆ ನೋಡ್ಲಿಲ್ಲ."